ಸೂಜಿ, ದಾರ ಮತ್ತು ಹೊಸ್ತಿಲು

ಪರದೇಶದಲ್ಲಿ ನೆಲೆಸಿರುವ ನಮ್ಮ ಸಂಘದ ಅನೇಕ ಮನೆಗಳಲ್ಲಿ ಊರಿನಿಂದ ಬಂದ ಕೌದಿಯೊಂದು ಇದ್ದೇ ಇರುತ್ತದೆ. ಅಜ್ಜಿಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಅಂಗಿಯ ತುಂಡುಗಳನ್ನು ಪದರಪದರವಾಗಿ ಜೋಡಿಸಿ, ಉದ್ದಕ್ಕೂ ಸಣ್ಣ ಹೊಲಿಗೆ ಹಾಕಿ ಮಾಡಿದ ಹೊದಿಕೆ. ವಿಮಾನದ 23 ಕಿಲೋ ಲೆಕ್ಕದಲ್ಲಿ ಉಪ್ಪಿನಕಾಯಿ, ಚಟ್ನಿಪುಡಿಗಳೊಡನೆ ಸ್ಪರ್ಧಿಸಿ ಗೆದ್ದು ಬಂದ ವಸ್ತುವಾದ್ದರಿಂದ ಅದಕ್ಕೆ ಮನೆಯಲ್ಲಿ ವಿಶೇಷ ಮರ್ಯಾದೆ.

ನನ್ನಲ್ಲಿಯೂ ಅಂಥದ್ದೊಂದು ಇದೆ. ಧಾರವಾಡ ಜಿಲ್ಲೆಯ ನಮ್ಮೂರಿನಲ್ಲಿ ನನ್ನ ಸೋದರತ್ತೆ ಹೊಲಿದದ್ದು. ಎರಡು ವರ್ಷ ತುಂಬುವ ಮೊದಲೇ ಅವರಿಗೆ ಪೋಲಿಯೋ ತಗುಲಿ ಎರಡೂ ಕಾಲುಗಳು ಸೋತವು. ಗಾಲಿ ಹಚ್ಚಿದ ಗಿಡ್ಡ ಮಣೆಯೊಂದರ ಮೇಲೆ ಕುಳಿತು, ಅಂಗೈಯಿಂದ ನೆಲವನ್ನು ನೂಕುತ್ತ ಮನೆಯೊಳಗೆ ಓಡಾಡುತ್ತಿದ್ದರು. ಅವರ ಕೌದಿಯನ್ನು ನಾನು ಹಲವು ಚಳಿಗಾಲ ಹೊದ್ದಿದ್ದೆನೇ ಹೊರತು ಓದಿರಲಿಲ್ಲ. ಅದನ್ನು ಓದಲು ಈ ದೇಶದ ಕೆಲವು ಹಳೆಯ ಬಟ್ಟೆಗಳ ಇತಿಹಾಸ ನನಗೆ ನೆರವಾಯಿತು. ಆ ಇತಿಹಾಸವನ್ನು ಮೊದಲು ಹೇಳಿ, ಅತ್ತೆಯ ಕೌದಿಗೆ ಆಮೇಲೆ ಬರುತ್ತೇನೆ.

ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸರ್ಜನ್ಸ್ ಸಂಸ್ಥೆಯ ಹಂಟೇರಿಯನ್ ಸಂಗ್ರಹದಲ್ಲಿ ಥಾಮಸ್ ವುಡ್ ಎಂಬ ಕಲಾವಿದ 1856ರಲ್ಲಿ ರಚಿಸಿದ ಒಂದು ಚಿತ್ರವಿದೆ. ಅದರಲ್ಲಿರುವವನು 95ನೆಯ ರೆಜಿಮೆಂಟಿನ ಸಿಪಾಯಿ ಥಾಮಸ್ ವಾಕರ್. 1854ರ ನವೆಂಬರ್ 5ರಂದು ಕ್ರೈಮಿಯಾದ ಇಂಕರ್ಮನ್ ಯುದ್ಧದಲ್ಲಿ ತಲೆಯ ಮೇಲೆಯೇ ಫಿರಂಗಿ ಗುಂಡು ಸಿಡಿದು ಅವನ ಬುರುಡೆ ಒಡೆಯಿತು. ಚಾಟಮ್ ಪಟ್ಟಣದ ಫೋರ್ಟ್ ಪಿಟ್ ಸೈನಿಕ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಒಡೆದ ಎಲುಬಿನ ಚೂರುಗಳನ್ನು ಹೊರತೆಗೆದರು. ಲಿಸ್ಟರನು ಗಾಯದ ನಂಜನ್ನು ತಡೆಯುವ ಕ್ರಮವನ್ನು ಪ್ರಕಟಿಸಿದ್ದು 1867ರಲ್ಲಿ. ಅದಕ್ಕೆ ಹತ್ತು ವರ್ಷಕ್ಕೂ ಹಿಂದೆ ಬುರುಡೆ ತೆರೆಸಿಕೊಂಡು ಬದುಕಿದ್ದು ಸಣ್ಣ ಮಾತಲ್ಲ. ಆದರೆ ಚಿತ್ರಕಾರ ಬರೆದದ್ದು ಶಸ್ತ್ರಚಿಕಿತ್ಸೆಯನ್ನಲ್ಲ. ವಾಕರ್ ಟೋಪಿ ಧರಿಸಿ ಹಾಸಿಗೆಯ ಮೇಲೆ ಕುಳಿತು, ಬಣ್ಣಬಣ್ಣದ ತುಂಡುಗಳ ಹೊದಿಕೆಯೊಂದನ್ನು ತನ್ಮಯನಾಗಿ ಹೊಲಿಯುತ್ತಿದ್ದಾನೆ. ನಮ್ಮ ಕಣ್ಣಿಗೆ ಅದು ಕೌದಿಯೇ.

ವೈದ್ಯಕೀಯ ಇತಿಹಾಸದ ಉಪನ್ಯಾಸವೊಂದರಲ್ಲಿ ಈ ಚಿತ್ರವನ್ನು ಮೊದಲು ಕಂಡಾಗ ನನಗೆ ತಟ್ಟಿದ್ದು ಅದರ ನಿಶ್ಚಲತೆ. ನೋಡುವವರಿಗೆ ಅದು ಸಾಂತ್ವನ ನೀಡುತ್ತದೆ: ಮುರಿದ ದೇಹಕ್ಕೆ ಕೆಲಸ ಸಿಕ್ಕಿದೆ, ಅದು ತನ್ನ ಸ್ಥಳದಲ್ಲಿ ಸುಮ್ಮನೆ ಕುಳಿತಿದೆ, ಇನ್ನು ಚಿಂತೆಯಿಲ್ಲ. ಅಂದಿನ ಸೈನ್ಯದಲ್ಲಿ ಸೂಜಿಗೆ ಇಂಥ ಹೊಣೆಯನ್ನು ತಿಳಿದೇ ಒಪ್ಪಿಸಲಾಗಿತ್ತು. ಮದ್ಯಪಾನ ವಿರೋಧಿ ಚಳವಳಿಯವರು ಸಿಪಾಯಿಗಳ ಕೈಗೆ ಸೂಜಿ ಕೊಟ್ಟರೆ ಕುಡಿತ, ಜೂಜುಗಳಿಂದ ದೂರ ಉಳಿಯುತ್ತಾರೆಂದು ಪ್ರಚಾರ ಮಾಡಿದರು. ಸಮವಸ್ತ್ರದ ದಪ್ಪ ಉಣ್ಣೆಬಟ್ಟೆಯ ತುಂಡುಗಳಿಂದ ಹೊಲಿದ ಇಂಥ ಹೊದಿಕೆಗಳು ಇಂದು ಹಲವು ವಸ್ತುಸಂಗ್ರಹಾಲಯಗಳಲ್ಲಿವೆ. ಎಲ್ಲವೂ ಗಾಯಾಳುಗಳ ಕೈಯವಲ್ಲ. ಪಡೆಯ ದರ್ಜಿಗಳು ಹೊಲಿದವೂ ಇವೆ. ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಸಂಗ್ರಹಾಲಯದಲ್ಲಿರುವ ಒಂದನ್ನು ಫ್ರಾನ್ಸಿಸ್ ಬ್ರೇಲಿ ಎಂಬ ಸಿಪಾಯಿ 1864 ಮತ್ತು 1877ರ ನಡುವೆ, ಭಾರತದಲ್ಲಿ ಸೇವೆಯಲ್ಲಿದ್ದಾಗ ಹೊಲಿದ. ನಮ್ಮ ದೇಶದ ಬಿಸಿಲಿನಲ್ಲಿ ಕುಳಿತು ಉಣ್ಣೆಯ ಹೊದಿಕೆ ಹೊಲಿದವನ ತಾಳ್ಮೆಯನ್ನು ಮೆಚ್ಚಲೇಬೇಕು.

ಮೊದಲ ಮಹಾಯುದ್ಧದ ಹೊತ್ತಿಗೆ ಪ್ರಶ್ನೆಯ ಗಾತ್ರವೇ ಬದಲಾಯಿತು. ಆ ಯುದ್ಧದಲ್ಲಿ ಬ್ರಿಟನ್ನಿನ 41,000ಕ್ಕೂ ಹೆಚ್ಚು ಸೈನಿಕರು ಕೈಯನ್ನೋ ಕಾಲನ್ನೋ ಕಳೆದುಕೊಂಡರು. ಕೃತಕ ಅಂಗಗಳನ್ನು ಜೋಡಿಸಲೆಂದೇ 1915ರಲ್ಲಿ ಲಂಡನ್ನಿನ ರೋಹ್ಯಾಂಪ್ಟನ್‌ನಲ್ಲಿ ಕ್ವೀನ್ ಮೇರಿ ಆಸ್ಪತ್ರೆ ತೆರೆಯಿತು. ಕೃತಕ ಕಾಲು ಸಿಕ್ಕವರು ಹೇಗೋ ನಡೆದರು. ಹಾಸಿಗೆ ಬಿಟ್ಟೇಳಲಾಗದವರು, ದಿನಕ್ಕೆರಡು ತಾಸಿಗಿಂತ ಹೆಚ್ಚು ದುಡಿಯಲಾಗದವರು ಏನು ಮಾಡಬೇಕು?

ಇದಕ್ಕೆ ಉತ್ತರ ಸೂಚಿಸಿದವನು ಎರ್ನೆಸ್ಟ್ ಥೆಸಿಗರ್ ಎಂಬ ನಟ. ಹಳೆಯ ಚಲನಚಿತ್ರಗಳ ಪ್ರಿಯರು ಅವನನ್ನು 1935ರ 'ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್' ಚಿತ್ರದ ವಿಲಕ್ಷಣ ಡಾಕ್ಟರನಾಗಿ ಬಲ್ಲರು. ಶಾಲೆಯಲ್ಲಿ ಮಾಂಟೆಗ್ಯು-ಚೆಲ್ಮ್ಸ್‌ಫರ್ಡ್ ಸುಧಾರಣೆಗಳನ್ನು ಬಾಯಿಪಾಠ ಮಾಡಿದ ನಮ್ಮಂಥವರಿಗೆ ಇನ್ನೊಂದು ನಂಟನ್ನೂ ಹೇಳಬಹುದು: ಅಂದು ಭಾರತದ ವೈಸರಾಯ್ ಆಗಿದ್ದ ಚೆಲ್ಮ್ಸ್‌ಫರ್ಡ್ ಪ್ರಭು ಇವನ ದೊಡ್ಡಪ್ಪನ ಮಗ. ಥೆಸಿಗರ್ ಯುದ್ಧದ ಆರಂಭದಲ್ಲಿಯೇ ಸಾಮಾನ್ಯ ಸಿಪಾಯಿಯಾಗಿ ಸೇರಿ, ಫ್ರಾನ್ಸಿನಲ್ಲಿ ತಂಗಿದ್ದ ಕೊಟ್ಟಿಗೆಗೆ ಗುಂಡು ಬಿದ್ದು ಕೈಗೆ ಪೆಟ್ಟು ತಿಂದು ಮರಳಿದ್ದ. ಕಸೂತಿ ಅವನಿಗೆ ಹಿಂದಿನಿಂದಲೂ ಪ್ರಿಯ ಹವ್ಯಾಸ. ಅಂಗವಿಕಲ ಸೈನಿಕರಿಗೆ ಕಸೂತಿ ಕಲಿಸಿ, ಅವರು ಮಾಡಿದ್ದನ್ನು ಮಾರೋಣವೆಂಬ ಅವನ ಸಲಹೆಗೆ, ಅದು ಗಂಡಸರಿಗೆ ತಕ್ಕ ಉದ್ಯೋಗವಲ್ಲವೆಂಬ ತಕರಾರು ಎದುರಾಯಿತು. ಕಡೆಗೆ 1918ರಲ್ಲಿ 'ಫ್ರೆಂಡ್ಸ್ ಆಫ್ ದಿ ಪೂರ್' ಎಂಬ ದತ್ತಿಸಂಸ್ಥೆಯ ಆಶ್ರಯದಲ್ಲಿ 'ಡಿಸೇಬಲ್ಡ್ ಸೋಲ್ಜರ್ಸ್ ಎಂಬ್ರಾಯ್ಡರಿ ಇಂಡಸ್ಟ್ರಿ' ಆರಂಭವಾಯಿತು. ಬಟ್ಟೆ, ದಾರ, ನಕ್ಷೆಗಳು ಸೈನಿಕರಿದ್ದಲ್ಲಿಗೆ ಹೋಗುತ್ತಿದ್ದವು. ಮುಗಿದ ಕೆಲಸ ಲಂಡನ್ನಿಗೆ ಬರುತ್ತಿತ್ತು.

ಈ ಕಾಲದ ಅತ್ಯಂತ ಪ್ರಸಿದ್ಧ ಕೃತಿ ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್‌ನದು. ಪೂಜಾಪೀಠದ ಮುಂಭಾಗವನ್ನು ಮುಚ್ಚುವ ದೊಡ್ಡ ಕಸೂತಿ ವಸ್ತ್ರವನ್ನು 133 ಗಾಯಾಳು ಸೈನಿಕರು ಸೇರಿ ಹೊಲಿದರು. ಬ್ರಿಟನ್ನಿನವರಷ್ಟೇ ಅಲ್ಲದೆ ಆಸ್ಟ್ರೇಲಿಯಾ, ಕೆನಡಾ, ದಕ್ಷಿಣ ಆಫ್ರಿಕಾದವರೂ ಅವರಲ್ಲಿದ್ದರು. 'ಸೇರಿ' ಎಂಬ ಮಾತನ್ನು ಇಲ್ಲಿ ಎಚ್ಚರದಿಂದ ಬಳಸಬೇಕು. ಅವರು ಒಂದು ಕೋಣೆಯಲ್ಲಿ ಎಂದೂ ಸೇರಲಿಲ್ಲ. ಬೇರೆಬೇರೆ ಆಸ್ಪತ್ರೆಗಳಲ್ಲಿ ಮಲಗಿದ್ದವರು ತಮ್ಮ ತಮ್ಮ ಭಾಗವನ್ನು ಹೊಲಿದರು. ಆ ತುಂಡುಗಳನ್ನು ರಾಯಲ್ ಸ್ಕೂಲ್ ಆಫ್ ನೀಡಲ್‌ವರ್ಕ್‌ನಲ್ಲಿ ಒಂದಾಗಿ ಜೋಡಿಸಲಾಯಿತು. 1919ರ ಜುಲೈನಲ್ಲಿ ದೊರೆ ಐದನೆಯ ಜಾರ್ಜ್ ಸಮ್ಮುಖದಲ್ಲಿ ಶಾಂತಿಗಾಗಿ ನಡೆದ ಕೃತಜ್ಞತಾ ಪ್ರಾರ್ಥನೆಯಲ್ಲಿ ಅದು ಪೀಠದ ಮೇಲಿತ್ತು. 1940ರಲ್ಲಿ ಜರ್ಮನ್ ಬಾಂಬು ಆ ಪೀಠವನ್ನೇ ಒಡೆದ ಮೇಲೆ ವಸ್ತ್ರ ಉಗ್ರಾಣ ಸೇರಿತು. ಏಳು ದಶಕಗಳಿಗೂ ಹೆಚ್ಚು ಕಾಲ ಮಡಿಸಿಟ್ಟಿದ್ದ ಅದನ್ನು 2014ರಲ್ಲಿ, ಯುದ್ಧದ ಶತಮಾನದ ನೆನಪಿಗಾಗಿ, ಮತ್ತೆ ಹೊರತಂದರು. ಹೊಲಿದವರ ಹೆಸರುಗಳು ಉಳಿದಿದ್ದುದರಿಂದ ಅವರ ಮೊಮ್ಮಕ್ಕಳನ್ನು ಹುಡುಕುವ ಕೆಲಸವೂ ನಡೆಯಿತು.

ಆ ವಸ್ತ್ರದ ಮೇಲೆ ಏನಿದೆ? ಪ್ರಾರ್ಥನೆಯ ಪಾನಪಾತ್ರೆ, ಹೂವು, ಬಳ್ಳಿ, ಹಕ್ಕಿ, ತಾಳೆಗರಿ. ಊರುಗೋಲಿಲ್ಲ, ಕಂದಕವಿಲ್ಲ, ಮೆಟ್ಟಿಲಿಲ್ಲ. ಅವರಿಗೆ ಕೊಟ್ಟ ನಕ್ಷೆಯಲ್ಲಿ ಅದಕ್ಕೆ ಎಡೆಯಿರಲಿಲ್ಲ. ಆದರೂ ನನಗೆ ಆ ಕೃತಿ ಮೂಕವೆನಿಸುವುದಿಲ್ಲ. 133 ಮಂದಿ ಇದ್ದಲ್ಲಿಯೇ ಇದ್ದರು, ಬಟ್ಟೆ ಮಾತ್ರ ಊರೂರು ತಿರುಗಿತು ಎಂಬ ಸಂಗತಿ ಅದರ ಜೋಡಣೆಯ ಗೆರೆಗಳಲ್ಲಿಯೇ ಅಡಗಿದೆ.

ಇದೇ ಕಾಲದಲ್ಲಿ ಶೆಫೀಲ್ಡ್ ನಗರದಲ್ಲಿ ಆನಿ ಬಿಂಡನ್ ಕಾರ್ಟರ್ ಎಂಬ ಕಲಾವಿದೆ ಯುದ್ಧದ ಆಸ್ಪತ್ರೆಯ ಗಾಯಾಳುಗಳಿಗೆ ಬಟ್ಟೆಯ ಮೇಲೆ ಬಣ್ಣ ಹಾಕುವುದನ್ನು ಕಲಿಸಿದಳು. ಕೈ ಕಳೆದುಕೊಂಡವರ ಮೊಂಡುತೋಳಿಗೆ ಕುಂಚವನ್ನು ಪಟ್ಟಿಯಿಂದ ಬಿಗಿಯುತ್ತಿದ್ದರು. ಮುಂದೆ ಅದು 'ಪೇಂಟೆಡ್ ಫ್ಯಾಬ್ರಿಕ್ಸ್' ಎಂಬ ಕಂಪನಿಯಾಯಿತು. ಅದರ ಧ್ಯೇಯವಾಕ್ಯದ ಅರ್ಥ 'ದಾನವಲ್ಲ, ದುಡಿಮೆ' ಎಂದು. ಕಾರ್ಯಾಗಾರದ ಪಕ್ಕದಲ್ಲಿಯೇ ಸೈನಿಕರ ಕುಟುಂಬಗಳಿಗೆ ಮನೆಗಳಿದ್ದವು. ನಡೆಯಲಾರದವನಿಗೆ ಉದ್ಯೋಗ ಕೊಡುವಾಗ ಅವನು ಅಲ್ಲಿಗೆ ತಲಪುವ ಬಗೆಯನ್ನೂ ಯೋಚಿಸಿದವರು ಇವರು. ಈ ಮಾತು ಇಂದಿಗೂ ಎಷ್ಟು ಅಪರೂಪವೆಂಬುದನ್ನು ನನ್ನ ರೋಗಿಗಳು ಆಗಾಗ ನೆನಪಿಸುತ್ತಾರೆ.

ಇಲ್ಲಿಯವರೆಗಿನ ಸೂಜಿ ಕೂರಿಸುವ ಸೂಜಿ. ಕಸೂತಿ ಹೆಣ್ಣುಮಕ್ಕಳನ್ನು ಮನೆಯೊಳಗೆ ತಲೆ ತಗ್ಗಿಸಿ ಕೂರಿಸುವ ಶಿಕ್ಷಣವೂ ಆಗಿತ್ತು, ಅದೇ ಹೆಣ್ಣುಮಕ್ಕಳ ಪ್ರತಿಭಟನೆಯ ಆಯುಧವೂ ಆಯಿತು ಎಂದು ರೋಸಿಕಾ ಪಾರ್ಕರ್ 1984ರ ತಮ್ಮ 'ದಿ ಸಬ್‌ವರ್ಸಿವ್ ಸ್ಟಿಚ್' ಗ್ರಂಥದಲ್ಲಿ ವಾದಿಸಿದ್ದಾರೆ. ಅಂಗವಿಕಲರ ವಿಷಯದಲ್ಲಿಯೂ ಅದು ನಿಜವೆಂದು ನಾನು ನಂಬುವುದಕ್ಕೆ ಕಾರಣಳಾದವಳು ರೋಸಾ ಮೇ ಬಿಲಿಂಗ್‌ಹರ್ಸ್ಟ್.

ಆಕೆ 1875ರಲ್ಲಿ ಲಂಡನ್ನಿನ ಲೂಯಿಶಮ್‌ನಲ್ಲಿ ಜನಿಸಿದಳು. ಶೈಶವದಲ್ಲಿಯೇ ಪೋಲಿಯೋ ತಗುಲಿ ಕಾಲುಗಳ ಬಲ ಹೋಯಿತು. ಕಾಲಿಗೆ ಕಬ್ಬಿಣದ ಆಧಾರ ಕಟ್ಟಿಕೊಂಡು ಊರುಗೋಲು ಹಿಡಿಯುತ್ತಿದ್ದಳು. ಹೊರಗೆ ಹೋಗಲು ಕೈಯಿಂದ ನಡೆಸುವ ತ್ರಿಚಕ್ರ ಗಾಡಿಯಿತ್ತು. 1907ರಲ್ಲಿ ಆಕೆ ಮಹಿಳಾ ಮತದಾನದ ಹಕ್ಕಿಗಾಗಿ ಹೋರಾಡುತ್ತಿದ್ದ ಪ್ಯಾಂಕ್‌ಹರ್ಸ್ಟ್ ಅವರ ಸಂಘಟನೆಯನ್ನು ಸೇರಿ, 1910ರಲ್ಲಿ ಅದರ ಗ್ರೀನಿಚ್ ಶಾಖೆಯನ್ನು ಸ್ಥಾಪಿಸಿದಳು. ಆ ಸಂಘಟನೆ 1908ರಲ್ಲಿ ನೇರಳೆ, ಬಿಳಿ, ಹಸಿರು ಎಂಬ ಮೂರು ಬಣ್ಣಗಳನ್ನು ತನ್ನದಾಗಿಸಿಕೊಂಡಿತ್ತು. ಬೇರೆಯವರು ಆ ಬಣ್ಣಗಳನ್ನು ಎದೆಯ ಮೇಲಿನ ಪಟ್ಟಿಯಾಗಿ ಧರಿಸಿದರು. ಬಿಲಿಂಗ್‌ಹರ್ಸ್ಟ್ ತನ್ನ ಗಾಡಿಗೇ ಬಣ್ಣದ ರಿಬ್ಬನ್ನುಗಳನ್ನು, ಮತದ ಹಕ್ಕು ಕೇಳುವ ಬಟ್ಟೆಯ ಫಲಕಗಳನ್ನು ಕಟ್ಟಿಕೊಂಡು ಮೆರವಣಿಗೆಗೆ ಇಳಿದಳು. ಮರೆಮಾಚಬೇಕೆಂದು ಲೋಕ ಬಯಸುತ್ತಿದ್ದ ಗಾಡಿ ಹೀಗೆ ಪತಾಕೆಯಾಯಿತು. ಎಲ್ಲರ ನಡುವೆ ಆಕೆ ಹೇಗೆ ಚಲಿಸುತ್ತಾಳೆಂಬುದನ್ನು ಆ ಬಟ್ಟೆಗಳೇ ದೂರದಿಂದ ಸಾರಿದವು.

1910ರ ನವೆಂಬರ್ 18ರಂದು ಸಂಸತ್ತಿನ ಬಳಿ ಪೊಲೀಸರು ಮಹಿಳೆಯರ ನಿಯೋಗದ ಮೇಲೆ ಗಂಟೆಗಟ್ಟಲೆ ದೌರ್ಜನ್ಯ ನಡೆಸಿದರು. ಇತಿಹಾಸದಲ್ಲಿ ಅದಕ್ಕೆ 'ಕಪ್ಪು ಶುಕ್ರವಾರ'ವೆಂದೇ ಹೆಸರು. ಪಂಜಾಬಿನ ಕೊನೆಯ ಮಹಾರಾಜ ದುಲೀಪ್ ಸಿಂಗರ ಮಗಳು ಸೋಫಿಯಾ ಕೂಡ ಆ ನಿಯೋಗದಲ್ಲಿದ್ದಳು. ಪೊಲೀಸರು ಬಿಲಿಂಗ್‌ಹರ್ಸ್ಟ್‌ಳನ್ನು ಗಾಡಿಯಿಂದ ಕೆಳಕ್ಕೆ ಕೆಡವಿ, ತೋಳು ತಿರುಚಿ, ಪಕ್ಕದ ಬೀದಿಗೆ ನೂಕಿಕೊಂಡು ಹೋಗಿ, ಗಾಲಿಗಳ ವಾಲ್ವುಗಳನ್ನು ಕಿತ್ತು ಅಲ್ಲಿಯೇ ಬಿಟ್ಟುಹೋದರು. ನಡೆಯಬಲ್ಲವರ ಕೈಗೆ ಕೋಳ ಹಾಕುವ ಪೊಲೀಸರು ಆಕೆಯ ಗಾಲಿಯ ಗಾಳಿ ತೆಗೆದರು. ವಾಲ್ವು ಕಿತ್ತವರಿಗೆ ಗೊತ್ತಿತ್ತು, ಆ ಗಾಡಿ ಆಕೆಯ ಕಾಲೇ ಎಂದು.

ಆಕೆ ಮತ್ತೆ ಬಂದಳು. 1912ರ ಮಾರ್ಚ್‌ನಲ್ಲಿ ಲಂಡನ್ನಿನ ಕಿಟಕಿಗಳನ್ನು ಒಡೆಯುವ ಚಳವಳಿ ನಡೆದಾಗ ಆಕೆ ಮೊಣಕಾಲ ಮೇಲೆ ಹೊದ್ದ ಕಂಬಳಿಯಡಿ ಕಲ್ಲುಗಳನ್ನು ಸಾಗಿಸಿದಳೆಂದು ಹೇಳುತ್ತಾರೆ. ರೋಗಿಯ ಮೊಣಕಾಲ ಮೇಲಿನ ಕಂಬಳಿ! ಅದಕ್ಕಿಂತ ನಿರುಪದ್ರವಿಯಾದ ಬಟ್ಟೆ ಯಾವುದಿದ್ದೀತು? ಆಕೆಗೆ ಹಾಲೋವೇ ಸೆರೆಮನೆಯಲ್ಲಿ ಒಂದು ತಿಂಗಳ ಶಿಕ್ಷೆಯಾಯಿತು. ಅದೇ ವಸಂತದಲ್ಲಿ ಅಲ್ಲಿ ಬಂಧಿತರಾಗಿದ್ದ ಮಹಿಳೆಯರು ತಮ್ಮ ಸಹಿಗಳನ್ನು ಕರವಸ್ತ್ರವೊಂದರ ಮೇಲೆ ದಾರದಿಂದ ಹೊಲಿದರು. 66 ಸಹಿಗಳುಳ್ಳ ಅದು ಇಂದು ಸಸೆಕ್ಸ್‌ನ 'ಪ್ರೀಸ್ಟ್ ಹೌಸ್' ಸಂಗ್ರಹಾಲಯದಲ್ಲಿದೆ. 1913ರ ಜನವರಿಯಲ್ಲಿ ಬಿಲಿಂಗ್‌ಹರ್ಸ್ಟ್‌ಗೆ ಮತ್ತೆ ಎಂಟು ತಿಂಗಳ ಶಿಕ್ಷೆಯಾಯಿತು. ಉಪವಾಸ ಕೂತಾಗ ಮೂಗಿನ ಮೂಲಕ ನಳಿಕೆ ತೂರಿಸಿ ಬಲವಂತವಾಗಿ ಉಣಿಸಿದರು. ಅದನ್ನು ಮಾಡಿದವರು ವೈದ್ಯರು ಎಂಬುದನ್ನು ನನ್ನ ವೃತ್ತಿಯವರು ಮರೆಯಬಾರದು. ದೇಹ ತಡೆಯದೆ ಕೆಲವೇ ದಿನಗಳಲ್ಲಿ ಬಿಡುಗಡೆಯಾದ ಆಕೆ 1953ರವರೆಗೆ ಬದುಕಿದ್ದಳು. ಲಂಡನ್ನಿಗೆ ಬಂದ ನೆಂಟರನ್ನು ಸಂಸತ್ತಿನ ಚೌಕಕ್ಕೆ ಕರೆದೊಯ್ದಾಗ 2018ರಲ್ಲಿ ಸ್ಥಾಪಿಸಿದ ಮಿಲಿಸೆಂಟ್ ಫಾಸೆಟ್ ಅವರ ಪ್ರತಿಮೆಯ ಪೀಠವನ್ನು ಗಮನಿಸಿ. ಅಲ್ಲಿ ಕೆತ್ತಿದ ಹೆಸರುಗಳಲ್ಲಿ ಬಿಲಿಂಗ್‌ಹರ್ಸ್ಟ್ ಹೆಸರೂ ಇದೆ.

ಆ ಗಾಡಿಯ ಮೊಮ್ಮಕ್ಕಳು 1990ರ ದಶಕದಲ್ಲಿ ಮತ್ತೆ ಬೀದಿಗಿಳಿದರು. ಏರಲಾಗದ ಬಸ್ಸುಗಳಿಗೆ ತಮ್ಮನ್ನೂ ಗಾಲಿಕುರ್ಚಿಗಳನ್ನೂ ಸರಪಳಿಯಿಂದ ಬಿಗಿದುಕೊಂಡರು. ಅವರ ಬಟ್ಟೆ ಟೀ ಶರ್ಟು: ಕಪ್ಪು ಹಿನ್ನೆಲೆಯ ಮೇಲೆ ಗುಲಾಬಿ ಅಕ್ಷರಗಳಲ್ಲಿ ಕನಿಕರಕ್ಕೆ ಧಿಕ್ಕಾರವೆಂಬ ಅರ್ಥದ ಘೋಷಣೆ. ಮೂಲದ ಕ್ರಿಯಾಪದ ಮಕ್ಕಳೂ ಓದುವ ಈ ವಾರ್ತಾಪತ್ರಕ್ಕೆ ತಕ್ಕುದಲ್ಲ, ಊಹಿಸಿಕೊಳ್ಳಿ. 1995ರಲ್ಲಿ ಇಲ್ಲಿ ಅಂಗವೈಕಲ್ಯದ ಆಧಾರದ ಮೇಲಿನ ತಾರತಮ್ಯದ ವಿರುದ್ಧ ಕಾಯಿದೆ ಬಂತು. ನಾವೆಲ್ಲ ಮೆಚ್ಚಿ ಫೋಟೋ ತೆಗೆಸಿಕೊಳ್ಳುವ ಹಳೆಯ ಕೆಂಪು ರೂಟ್‌ಮಾಸ್ಟರ್ ಬಸ್ಸುಗಳು 2005ರ ಡಿಸೆಂಬರ್‌ನಲ್ಲಿ ದೈನಂದಿನ ಸಂಚಾರದಿಂದ ಹಿಂದೆ ಸರಿದಾಗ ಅನೇಕರು ಕಣ್ಣೀರಿಟ್ಟರು. ಅದರ ಹಿಂಬಾಗಿಲ ಮೆಟ್ಟಿಲನ್ನು ಒಮ್ಮೆಯೂ ಏರಲಾಗದಿದ್ದವರು ಅಳಲಿಲ್ಲ.

ಇನ್ನು ಅತ್ತೆಯ ಕೌದಿ.

ಅದು ನನ್ನ ಮದುವೆಯ ಉಡುಗೊರೆ. ಮದುವೆ ನಡೆದದ್ದು ಒಂದು ಸಭಾಂಗಣದ ಮೊದಲ ಮಹಡಿಯಲ್ಲಿ. ಸ್ಥಳ ನೋಡಲು ಹೋದವರಲ್ಲಿ ನಾನೂ ಒಬ್ಬಳು. ಆಗಲೇ ಎಂಬಿಬಿಎಸ್ ಮುಗಿಸಿದ್ದೆ. ಊಟದ ಮನೆ ನೋಡಿದೆವು, ಅಲಂಕಾರದ ಮಾತಾಡಿದೆವು. ಮೆಟ್ಟಿಲು ನಮ್ಮ ಕಣ್ಣಿಗೆ ಬೀಳಲಿಲ್ಲ. ಅತ್ತೆಯನ್ನು ಯಾರಾದರೂ ಎತ್ತಿಕೊಂಡು ಹೋದರಾಯಿತು ಎಂದು ಮನೆಯಲ್ಲಿ ಮಾತಾಯಿತು. "ಸಾಮಾನಿನಂಗ ಎತ್ತಿಸಿಕೊಂಡು ಮದವಿಗೆ ಬರಲೇನು?" ಎಂದು ನಕ್ಕು, ಅವರು ಕೌದಿಯನ್ನು ಕಳಿಸಿ ತಾವು ಮನೆಯಲ್ಲಿಯೇ ಉಳಿದರು. ನಾವು ಆ ನಗೆಯನ್ನು ನಂಬಿದೆವು. "ಕೈಗೆ ಹೊಲಿಗೆ ಇದ್ದರೆ ಅವರಿಗೆ ಬೇರೇನೂ ಬೇಡ" ಎಂದು ನಾನೇ ಯಾರೊಡನೆಯೋ ಅಂದದ್ದು ನೆನಪಿದೆ.

ಆ ಕೌದಿಯ ವಿನ್ಯಾಸ ವಿಚಿತ್ರವಾಗಿದೆ. ಬಣ್ಣದ ಚೌಕಗಳ ನಡುವೆ ಅಲ್ಲಲ್ಲಿ ಅಡ್ಡಲಾಗಿ ಒಟ್ಟು ಐದು ದಪ್ಪ ಕಪ್ಪು ಪಟ್ಟಿಗಳಿವೆ. ಮುಟ್ಟಿದರೆ ಕೈಗೆ ಉಬ್ಬು ತಗಲುತ್ತದೆ. ಒಳಗೆ ಬಟ್ಟೆಯನ್ನು ಸುರುಳಿ ಸುತ್ತಿ ಹೊಲಿದಿದ್ದಾರೆ. ಹೊದ್ದರೆ ಒತ್ತುತ್ತದೆಂದು ನನ್ನ ಪತಿಯ ದೂರು. ಒಂದು ಕೊನೆಯಲ್ಲಿ ಮೊಳದಗಲದ ಜಾಗ ಏನೂ ಇಲ್ಲದೆ ಬರಿಯ ಬಿಳಿ ಧೋತರದ ಬಟ್ಟೆ. ತುಂಡುಗಳು ಸಾಲದೆ ಹಾಗೆ ಮುಗಿಸಿರಬೇಕೆಂದು ನಾನು ಎಣಿಸಿದ್ದೆ.

ಈ ದೇಶದಲ್ಲಿ ವೃದ್ಧರ ವಾರ್ಡಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ ನನಗೊಂದು ಹೊಸ ಪ್ರಶ್ನೆ ಪರಿಚಯವಾಯಿತು. ರೋಗಿಯನ್ನು ಮನೆಗೆ ಕಳಿಸುವ ಮುನ್ನ ಇಲ್ಲಿ ಕೇಳುತ್ತಾರೆ: ಮನೆಯಲ್ಲಿ ಎಷ್ಟು ಮೆಟ್ಟಿಲು? ಬಾಗಿಲ ಅಗಲವೆಷ್ಟು? ಶೌಚಾಲಯ ಯಾವ ಮಹಡಿಯಲ್ಲಿ? ವಿದ್ಯಾರ್ಥಿಯಾಗಿದ್ದಾಗ ನಾನು ಅಭ್ಯಾಸಕ್ಕೆಂದು ಅತ್ತೆಯ ಕಾಲುಗಳ ಸ್ನಾಯುಬಲವನ್ನು ಸೊನ್ನೆಯಿಂದ ಐದರ ಅಳತೆಯಲ್ಲಿ ಬರೆದುಕೊಂಡಿದ್ದೆ. ಅವರ ಮನೆಯ ಹೊಸ್ತಿಲುಗಳ ಎತ್ತರವನ್ನು ಅಳೆದಿರಲಿಲ್ಲ. ಭಾರತದ ಕೊನೆಯ ಪೋಲಿಯೋ ಪ್ರಕರಣ 2011ರ ಜನವರಿಯದು. 2014ರಲ್ಲಿ ದೇಶ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಬಂದಾಗ ನಾವು ವೈದ್ಯರು ಹೆಮ್ಮೆಪಟ್ಟೆವು. ಹೆಮ್ಮೆ ಸರಿಯೇ. ಆದರೆ ರೋಗ ಹೋದ ಮೇಲೂ ಮಣೆಯ ಮೇಲೆ ಓಡಾಡುವವರು ಮನೆಗಳಲ್ಲಿ ಉಳಿದಿದ್ದರು.

ಬಿಲಿಂಗ್‌ಹರ್ಸ್ಟ್‌ಳ ಗಾಡಿಯ ಬಗೆಗೆ ಓದಿದ ವರ್ಷ ಊರಿಗೆ ಹೋದಾಗ ನಾನು ಕೌದಿಯ ಫೋಟೋ ತೋರಿಸಿ, ಆ ಕಪ್ಪು ಪಟ್ಟಿಗಳು ಏನೆಂದು ಅತ್ತೆಯನ್ನು ಕೇಳಿದೆ. ಇಷ್ಟು ವರ್ಷಕ್ಕೆ ಕೇಳಿದೆಯಲ್ಲ ಎಂಬಂತೆ ನೋಡಿದರು.

"ನಮ್ಮ ಮನಿ ಅದ ನೋಡವಾ. ಕರೀ ಪಟ್ಟಿ ಅಂದ್ರ ಹೊಸ್ತಲ. ನೀವು ದಾಟಿ ಹೋಗ್ತೀರಿ. ನಾ ಏರಿ ಇಳೀತೀನಿ."

ನಾನು ಎದ್ದು ಎಣಿಸಿದೆ. ಅವರು ಮಲಗುವ ಕೋಣೆಯಿಂದ ಹಿತ್ತಲವರೆಗೆ ಮೂರು, ಪಡಸಾಲೆಯಿಂದ ಕಟ್ಟೆಯವರೆಗೆ ಎರಡು. ಹುಟ್ಟಿದಾಗಿನಿಂದ ಬಲ್ಲ ಮನೆಯಲ್ಲಿ ಐದು ಹೊಸ್ತಿಲುಗಳಿವೆಯೆಂದು ನನಗೆ ಅಂದೇ ತಿಳಿದದ್ದು. ಪ್ರತಿಯೊಂದರ ಬಳಿಯೂ ಅವರು ಮಣೆ ಬಿಟ್ಟು, ಕೈಯೂರಿ ಮೈ ಎತ್ತಿ ಆಚೆ ಇಳಿದು, ಮಣೆಯನ್ನು ಎಳೆದುಕೊಂಡು ಮತ್ತೆ ಏರಬೇಕು. ಒತ್ತುತ್ತದೆಂದು ನಾವು ದೂರಿದ ಉಬ್ಬು ಅದೇ.

ಬಿಳಿಯ ಜಾಗ ಯಾವುದೆಂದು ಕೇಳಿದೆ.

"ಅದು ಹೊರಗ. ಅಲ್ಲೆ ನಾ ಹೋಗಿಲ್ಲಲ್ಲ, ಏನಂತ ಹೊಲೀಲಿ? ಖಾಲಿ ಬಿಟ್ಟೀನಿ."

ಮುಂದಿನ ಬೇಸಿಗೆಯಲ್ಲಿ ನನ್ನ ತಮ್ಮ ಗೌಂಡಿಯನ್ನು ಕರೆಸಿದ. ಎರಡು ಒಳಹೊಸ್ತಿಲುಗಳನ್ನು ತೆಗೆಸಿದೆವು. ಮುಂಬಾಗಿಲ ಹೊಸ್ತಿಲನ್ನು ಮುಟ್ಟಕೂಡದೆಂದು ಹಿರಿಯರು ಹಟ ಹಿಡಿದದ್ದರಿಂದ ಅದರ ಎರಡೂ ಬದಿಗೆ ಇಳಿಜಾರು ಕಟ್ಟಿಸಿದೆವು. ಕಟ್ಟೆಯಿಂದ ಬೀದಿಗೆ ಇನ್ನೊಂದು. ಮೂರು ದಿನದ ಕೆಲಸ. ಖರ್ಚನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಅಷ್ಟು ಕಡಿಮೆ. ಗಾಲಿಕುರ್ಚಿಯಲ್ಲಿ ಅತ್ತೆ ಮೊದಲು ಹೋದದ್ದು ಗುಡಿಗೆ ಎಂದು ಎಲ್ಲರೂ ಹೇಳಿಕೊಳ್ಳುತ್ತಾರೆ. ನಿಜವಾಗಿ ಹೋದದ್ದು ಪೇಟೆಯ ದಾರದ ಅಂಗಡಿಗೆ. ಜೀವಮಾನವಿಡೀ ಬೇರೆಯವರು ತಂದುಕೊಟ್ಟ ಬಣ್ಣಗಳಲ್ಲಿಯೇ ಹೊಲಿದವರು ಅಂದು ಅಂಗಡಿಯವನ ಪೆಟ್ಟಿಗೆಗಳನ್ನೆಲ್ಲ ಇಳಿಸಿ ನೋಡಿ, ಅರ್ಧ ದಿನ ಅಲ್ಲಿಯೇ ಇದ್ದರಂತೆ.

ಕಳೆದ ವಾರ ಫೋನಿನಲ್ಲಿ ಮಾತಾಡುವಾಗ, ಡಿಸೆಂಬರ್‌ನಲ್ಲಿ ಬರುವಾಗ ಕೌದಿಯನ್ನು ತಪ್ಪದೆ ತರಬೇಕೆಂದು ಅಪ್ಪಣೆಯಾಗಿದೆ. ಎರಡು ಪಟ್ಟಿ ಬಿಚ್ಚಬೇಕಂತೆ, ಬಿಳಿಯ ಜಾಗದಲ್ಲಿ ಕೆಲಸವಿದೆಯಂತೆ. ತೂಗಿ ನೋಡಿದೆ, ಮೂರೂವರೆ ಕಿಲೋ ಇದೆ.